ಹರಿವೆ ಮಡಿಯ ಒಡೆಯ

ಹೊಸಬಾಳೆಯ ಹೂವಪ್ಪನ ನೆಮ್ಮದಿ ಕೆಡಿಸಿದ್ದು ಒಂದು ಮಡಿ ಹರಿವೆ ಸೊಪ್ಪು.

ಸೊರಬ ಪೇಟೆಯಲ್ಲಿ ಅವನದೊಂದು ಮನೆಯಿದೆ. ಅದನ್ನು ಹೈಸ್ಕೂಲ್ ಟೀಚರ್ ಮೇಘನಾಗೆ ಬಾಡಿಗೆಗೆ ಕೊಟ್ಟಿದ್ದಾನೆ. ಪಕ್ಕದ ಮನೆಯ ಉಚ್ಚಂಗಪ್ಪನಿಗೆ ಬೇಲಿಯಾಚೆ ಇಣುಕುವುದೇ ಉದ್ಯೋಗ. ಆವತ್ತು ಬೆಳಗಿನ ಚಹಾ ಹೂವಪ್ಪನ ಗಂಟಲಿಗೆ ಇಳಿಯುವ ಮೊದಲೇ ಅವನ ಫೋನು ಬಂತು.

"ಹೂವಪ್ಪಣ್ಣ, ನಿಮ್ಮ ಟೀಚರಮ್ಮ ಹಿತ್ಲು ಅಗೀತಿದಾರೆ ಮಾರಾಯ್ರೆ. ಹರಿವೆ ಬೆಳೆದಾಯ್ತು, ಈಗ ಬದನೆಗೆ ಮಡಿ ಮಾಡ್ತಿದಾರೆ."

"ಸೊಪ್ಪು ಅಲ್ದನಾ? ತಿನ್ಲಿ ಬಿಡು."

"ತಿನ್ಲಿ ಅಂತೀರಲ್ಲ! ಉಳುವವನೇ ಒಡೆಯ ಅಂತ ಕಾನೂನು ಅದೆ. ನಿಮಗೆ ಗೊತ್ತಿಲ್ದೇ ಇರೋದಾ?"

ಹೂವಪ್ಪ ಚಹಾದ ಲೋಟ ಕೆಳಗಿಟ್ಟ. ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅವನ ಅಪ್ಪ ಊರ ಒಡೆಯರ ಗದ್ದೆಯನ್ನು ಗೇಣಿಗೆ ಉಳುತ್ತಿದ್ದವನು. ಬೆಳೆದ ಭತ್ತದಲ್ಲಿ ಒಳ್ಳೆಯ ಪಾಲನ್ನು ಒಡೆಯರ ಮನೆಗೆ ಹೊತ್ತು ಹಾಕಿ, ಮಿಕ್ಕದ್ದನ್ನು ಉಣ್ಣುತ್ತಿದ್ದ. ಆಮೇಲೆ ಕಾನೂನು ಬಂತು, ಉತ್ತವನಿಗೇ ಗದ್ದೆಯಾಯಿತು. ಆ ಗದ್ದೆಯ ಬೆಳೆಯಿಂದಲೇ ಸೊರಬದ ಮನೆ ಎದ್ದದ್ದು. ಈಗ ಅದೇ ಕಾನೂನು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿದೆ!

"ನಮ್ಮಪ್ಪನೂ ಹಿಂಗೇ ಶುರು ಮಾಡಿದ್ದು ಕಣೇ!" ಎಂದು ಹೆಂಡತಿ ಚೌಡೇಶ್ವರಿಗೆ ಕೂಗಿ ಹೇಳಿ, ಗುದ್ದಲಿ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ. ಗುದ್ದಲಿಯನ್ನು ಸೀಟಿನ ಕೆಳಗಿಡಲು ಕಂಡಕ್ಟರ್ ಎಷ್ಟು ಹೇಳಿದರೂ ಕೇಳಲಿಲ್ಲ. ಸೊರಬದವರೆಗೂ ಕೂಸಿನ ಹಾಗೆ ಮಡಿಲಲ್ಲೇ ಇಟ್ಟುಕೊಂಡಿದ್ದ.

ಮೇಘನಾ ಸ್ಕೂಲಿಗೆ ಹೊರಡಲು ತಲೆ ಬಾಚುತ್ತಿದ್ದಳು. ಹಿತ್ತಲಿನಿಂದ ಧಬ್ ಧಬ್ ಸದ್ದು ಕೇಳಿ ಓಡಿಬಂದರೆ, ಮನೆಯ ಮಾಲೀಕರೇ ಪಂಚೆ ಎತ್ತಿ ಕಟ್ಟಿ ಬದನೆ ಮಡಿ ಅಗೆಯುತ್ತಿದ್ದರು.

"ಎಂತದ್ರೀ ಇದು? ಹೇಳ್ದೆ ಕೇಳ್ದೆ ಒಳಗೆ ಬರ್ತಾರಾ?"

"ನನ್ನ ಮನೆ, ನಾನು ಬರ್ತೀನಿ."

"ಮನೆ ನಿಮ್ದು, ವಾಸ ನಂದು. ಬರೋ ಮುಂಚೆ ತಿಳಿಸ್ಬೇಕು, ಅದು ಕಾನೂನು. ನಲ್ಲಿ ಸೋರ್ತದೆ ಅಂತ ಎಷ್ಟು ಸಲ ಹೇಳಿದೀನಿ, ಅದಕ್ಕೆ ಬರ್ಲಿಲ್ಲ!"

ಬೀದಿಯವರೆಲ್ಲ ಬೇಲಿಗೆ ಜೋತುಬಿದ್ದರು. ಎದುರು ಮನೆಯ ದುರುಗಮ್ಮ ಟೀಚರ ಪರ ನಿಂತಳು. "ಪಾಪ, ನಿನ್ನೆ ನಮಗೂ ಒಂದು ಕಟ್ಟು ಹರಿವೆ ಕೊಟ್ರಪ್ಪ."

"ಕೇಳಿದ್ರಾ ಹೂವಪ್ಪಣ್ಣ?" ಎಂದ ಉಚ್ಚಂಗಪ್ಪ. "ಫಸಲು ತೆಗೆದಿದ್ದಕ್ಕೆ ಸಾಕ್ಷಿ ಹುಟ್ಟಿತು."

"ದುರುಗಮ್ಮ, ಆ ಸೊಪ್ಪು ವಾಪಸ್ ಕೊಡು!"

"ಸಾರು ಮಾಡಿಯಾಯ್ತಲ್ಲ."

ಸಾಕ್ಷಿಯನ್ನು ಹಾಗೇ ಬಿಡುವುದುಂಟೇ? ಹೂವಪ್ಪ ದುರುಗಮ್ಮನ ಅಡಿಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಪಾತ್ರೆಯ ಸಾರನ್ನೆಲ್ಲ ತಾನೇ ಉಂಡು, ತಳಕ್ಕೆ ಅಂಟಿದ್ದನ್ನೂ ಬೆರಳಲ್ಲಿ ಬಳಿದ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಆಸ್ತಿ ಉಳಿಸಿಕೊಳ್ಳುವವನು ಅದನ್ನೆಲ್ಲ ನೋಡಬಾರದು.

ಹೊಟ್ಟೆ ನೀವಿಕೊಳ್ಳುತ್ತ ವಕೀಲೆ ತೃಪ್ತಿಯವರ ಆಫೀಸಿಗೆ ಹೋದ. ಉಚ್ಚಂಗಪ್ಪನೂ ಬೆನ್ನಿಗೆ ಬಂದ. ವಕೀಲೆ ನಗು ತಡೆದುಕೊಂಡು ಹೇಳಿದರು, "ಅದು ಗೇಣಿ ಜಮೀನಿನ ಕಾನೂನು ಹೂವಪ್ಪನವರೇ. ಬಾಡಿಗೆ ಮನೆಗೂ ಅದಕ್ಕೂ ಸಂಬಂಧವೇ ಇಲ್ಲ."

"ಪಹಣಿಯಲ್ಲಿ ಟೀಚರ ಹೆಸರು ಕೂತುಬಿಟ್ರೆ?"

"ಪೇಟೆ ಮನೆಗೆ ಪಹಣಿನೇ ಇರಲ್ಲ."

"ಅಯ್ಯೋ, ಆಗ್ಲೇ ತೆಗೆಸಿಬಿಟ್ರಾ!" ಎಂದು ಹೂವಪ್ಪ ಎದೆ ಹಿಡಿದುಕೊಂಡ.

ಅವರು ನೀರು ಕೊಟ್ಟು ಸಮಾಧಾನ ಮಾಡಿದರು. ಸೊಪ್ಪು ಬೆಳೆದ ಮಾತ್ರಕ್ಕೆ ಬಾಡಿಗೆದಾರರು ಮಾಲೀಕರಾಗುವುದಿಲ್ಲ, ನೀವು ಅವರನ್ನು ನೆಮ್ಮದಿಯಾಗಿ ಇರಲು ಬಿಡಬೇಕು, ನಲ್ಲಿ ರಿಪೇರಿ ಮಾಡಿಸಬೇಕು ಎಂದು ಬಿಡಿಸಿ ಹೇಳಿದರು. ಹೂವಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಮೆಟ್ಟಿಲಿಳಿಯುವಾಗ ಉಚ್ಚಂಗಪ್ಪ ಅವನ ಕಿವಿಯಲ್ಲಿ ಉಸುರಿದ.

"ಆ ವಕೀಲಮ್ಮನೂ ಬಾಡಿಗೆ ಮನೇಲೇ ಇರೋದು. ಯಾರ ಪರ ಮಾತಾಡ್ತಾರೆ, ನೀವೇ ಯೋಚ್ನೆ ಮಾಡಿ."

ಬಂದ ಜೀವ ಮತ್ತೆ ಹೋಯಿತು. ಆದರೂ ಹೂವಪ್ಪ ದಡ್ಡನಲ್ಲ. ಸಂಜೆಯವರೆಗೂ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡು ಒಂದು ಉಪಾಯ ಹುಡುಕಿದ. ಮೇಘನಾ ಸ್ಕೂಲಿನಿಂದ ಬರುತ್ತಿದ್ದಂತೆ ಬೀದಿಯವರ ಎದುರೇ ಹೇಳಿದ.

"ಟೀಚರಮ್ಮ, ಇನ್ಮೇಲೆ ನೀವು ಗುದ್ದಲಿ ಮುಟ್ಟೋ ಹಂಗಿಲ್ಲ. ನಾನೇ ವಾರ ವಾರ ಬಂದು ಅಗೀತೀನಿ, ಗೊಬ್ಬರ ಹಾಕ್ತೀನಿ, ಬೆಳೆದಿದ್ದನ್ನ ಕಿತ್ತು ನಿಮ್ಮ ಬಾಗಿಲಿಗೆ ತಂದ್ಕೊಡ್ತೀನಿ. ನೀವು ಉಂಡ್ರೆ ಸಾಕು."

ಮೇಘನಾ ಅಂಗೈಯ ಬೊಬ್ಬೆಗಳನ್ನೊಮ್ಮೆ ನೋಡಿಕೊಂಡಳು.

"ಆಗ್ಲಿ. ಹಂಗಾದ್ರೆ ಟೊಮೆಟೋನೂ ಹಾಕಿ. ಬರೋ ಮುಂಚೆ ಫೋನ್ ಮಾಡಿ."

ಕೋಟೆ ಗೆದ್ದ ಪಾಳೆಯಗಾರನ ಹಾಗೆ ಹೂವಪ್ಪ ಹೊಸಬಾಳೆಗೆ ಮರಳಿದ. ಚೌಡೇಶ್ವರಿ ಅಕ್ಕಿ ಆರಿಸುತ್ತ ಕತೆಯನ್ನೆಲ್ಲ ಕೇಳಿದಳು.

"ಅಂದ್ರೆ ಉಳೋದು ಯಾರು?"

"ನಾನು."

"ಉಣ್ಣೋದು?"

"ಟೀಚರು."

"ಬೆಳೆ ಹೊತ್ಕೊಂಡು ಹೋಗಿ ಬಾಗ್ಲಲ್ಲಿ ನಿಲ್ಲೋದು?"

"ನಾನೇ. ಯಾಕೆ?"

"ಮಾವನೋರು ಒಡೆಯರ ಮನೇಲಿ ಮಾಡ್ತಿದ್ದದ್ದೂ ಇದನ್ನೇ ಅಲ್ದನಾ? ಅವರು ಕಷ್ಟಪಟ್ಟು ಗೇಣಿಯಿಂದ ಪಾರಾದ್ರು. ನೀವು ಸ್ವಂತ ಮನೆಗೆ ಹೋಗಿ, ಬಾಡಿಗೆಯವ್ರಿಗೆ ಗೇಣಿದಾರ ಆಗಿ ಬಂದಿದೀರಿ!"

ಹೂವಪ್ಪ ದೊಪ್ಪನೆ ಕೂತ. ಅಪ್ಪನಿಗೆ ಮುಖ ತೋರಿಸುವುದು ಹೇಗೆ ಎಂದು ನಿಜಕ್ಕೂ ಕಣ್ಣು ತುಂಬಿತು. ಆಮೇಲೆ ಇದ್ದಕ್ಕಿದ್ದಂತೆ ಮುಖ ಅರಳಿತು, ಎದ್ದು ನಿಂತ.

"ಹಂಗಾದ್ರೆ ಒಳ್ಳೇದೇ ಆಯ್ತಲ್ಲೇ! ಉಳುವವನೇ ಒಡೆಯ. ಬಿಡದೆ ಉತ್ತುಬಿಟ್ರೆ ಒಂದಲ್ಲ ಒಂದಿನ ಆ ಮನೆ ನಮ್ದೇ ಆಗ್ತದೆ!"

ಚೌಡೇಶ್ವರಿಯ ಕೈಯಿಂದ ಮೊರ ಜಾರಿತು. ಹೂವಪ್ಪ ಆಗಲೇ ಟೊಮೆಟೋ ಬೀಜ ಹುಡುಕಲು ಅಟ್ಟ ಹತ್ತುತ್ತಿದ್ದ.