ಭಾವನ ಪಂಚಾಯ್ತಿ ಪೆಟ್ಟಿಗೆ

ನಮ್ಮ ಭಾವ ಚಕ್ರಪಾಣಿ ಹೊದಿಕೆಯನ್ನು ಸರ್ರನೆ ಎಳೆದರು. ಕೆಳಗೆ ಅಕ್ಕಿಡಬ್ಬಿ ಗಾತ್ರದ ಕಪ್ಪು ಪೆಟ್ಟಿಗೆ, ಅದರ ಮುಖಕ್ಕೆ ಮೂರು ಕೆಂಪು ದೀಪ, ಬೆನ್ನಿಗೆ ಶಾವಿಗೆಯಂತೆ ಜೋತಾಡುವ ವೈರುಗಳು.

"ಹೋಮ್ ಥಿಯೇಟರ್ ಕಂಪ್ಯೂಟರ್ ಕಣಯ್ಯಾ. ಟಿ.ವಿ., ಸಿನಿಮಾ, ಹಾಡು, ಇನ್ಮೇಲೆ ಎಲ್ಲಾ ಇದೇ ನೋಡ್ಕೊಳ್ಳುತ್ತೆ" ಎಂದರು.

ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಭಾವ ತಿಪಟೂರಿನ ನಮ್ಮ ಬೀದಿಗೆ ಮಾಡಿರುವ ಉಪಕಾರ ಒಂದೆರಡಲ್ಲ. ಅವರ ರಂಗೋಲಿ ಯಂತ್ರ ಎದುರುಮನೆಯ ಸ್ಕೂಟರಿನ ಮೇಲೆ ಇಟ್ಟ ಚುಕ್ಕಿಗಳು ಇವತ್ತಿಗೂ ಹೋಗಿಲ್ಲ. ಕೆಳಗಿನ ಮನೆಯಲ್ಲಿ ಅಕ್ಕ ಭಾವ, ಮಹಡಿಯಲ್ಲಿ ನಾನು. ಹೀಗಾಗಿ ಪ್ರತಿ ಆವಿಷ್ಕಾರದ ಮೊದಲ ಬಲಿ ನಾನೇ!

ಈ ಸಲದ ಕಷ್ಟ ಶುರುವಾದದ್ದು ಆಪರೇಟಿಂಗ್ ಸಿಸ್ಟಮ್ ಆರಿಸುವಲ್ಲಿ. ಕಂಪ್ಯೂಟರಿನ ಯಜಮಾನಿಕೆ ನಡೆಸುವ ತಂತ್ರಾಂಶ ಅದು, ಒಂದಿದ್ದರೆ ಧಾರಾಳವಾಯಿತು. ಭಾವನಿಗೆ ಮಾತ್ರ ಒಂದೂ ಹಿಡಿಸಲಿಲ್ಲ. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದು, ಆದರೆ ಸಿನಿಮಾ ರಂಗೇರಿದ ಹೊತ್ತಿಗೇ ತನ್ನನ್ನು ತಾನು ನವೀಕರಿಸಿಕೊಳ್ಳಲು ಕೂರುತ್ತದೆ. ಎರಡನೆಯದು ಪುಕ್ಕಟೆ, ಆದರೆ ದನಿ ಏರಿಸಬೇಕಾದರೂ ಆಜ್ಞೆ ಟೈಪು ಮಾಡಬೇಕು. ಮೂರನೆಯದು ಮೊಬೈಲಿನಷ್ಟು ಸಲೀಸು, ಆದರೆ ಭಾವನ ಹಳೇ ಸ್ಪೀಕರುಗಳನ್ನು ಕಂಡರೆ ಅದಕ್ಕೆ ಆಗುವುದಿಲ್ಲ. ನಾಣ್ಯ ಚಿಮ್ಮಿ ನೋಡಿ ಎಂದೆ. ಭಾವ ನನ್ನನ್ನು ಕನಿಕರದಿಂದ ನೋಡಿದರು. ಮೂರನ್ನೂ ಪೆಟ್ಟಿಗೆಗೆ ತುಂಬಿ, ಅವಕ್ಕೆ ಬುದ್ಧಿ, ಬಾಯಿ ಎರಡನ್ನೂ ಕೊಡುವ 'ಪಂಚಾಯ್ತಿ ಚಿಪ್' ಒಂದನ್ನು ಕೂರಿಸಿದ್ದರು. ಯಾವ ಕೆಲಸಕ್ಕೆ ಯಾರು ಯೋಗ್ಯರು ಎಂಬುದನ್ನು ಅವೇ ಮಾತಾಡಿಕೊಂಡು ತೀರ್ಮಾನಿಸುತ್ತವಂತೆ.

ಭಾವ ಗುಂಡಿ ಒತ್ತಿದರು. ಮಾತುಕತೆ ಆರಂಭವಾಯಿತು; ಮರುಕ್ಷಣವೇ ಅದು ಆಸ್ತಿ ಪಾಲಿನ ಜಗಳವಾಯಿತು. ಟಿ.ವಿ. ಪರದೆ ಮೂರು ಹೋಳಾಯಿತು. ಒಂದು ಚಿತ್ರ ಹಿಡಿದುಕೊಂಡಿತು, ಇನ್ನೊಂದು ದನಿ ಕಸಿದುಕೊಂಡಿತು, ಮೂರನೆಯದು ಸಿಟ್ಟಿಗೆ ರಿಮೋಟನ್ನೇ ಬಹಿಷ್ಕರಿಸಿತು.

ಅಕ್ಕ ಅಂಬುಜಾಕ್ಷಿ ಸೌಟು ಹಿಡಿದು ಹೊರಬಂದಳು. ಅವಳ ಮುಖ ಬಾಡಿತ್ತು. ಬಾಡದೆ ಏನು? ಭಾನುವಾರ ಸಂಜೆ ಊರಿನ ಕೇಬಲ್ ಚಾನೆಲ್ಲಿನಲ್ಲಿ ಅವಳು ಹಾಲುಬಾಯಿ ಸಿಹಿ ಮಾಡಿ ತೋರಿಸಿದ ಕಾರ್ಯಕ್ರಮ, ಒಂದೇ ಸಲ, ಮರುಪ್ರಸಾರವಿಲ್ಲ! ಎಷ್ಟೋ ಮದುವೆಗಳಿಗೆ ಅಕ್ಕ ಹಾಲುಬಾಯಿ ಮಾಡಿಕೊಟ್ಟಿದ್ದಾಳೆ. ತಿಂದವರು ಹಾಲುಬಾಯಿಯನ್ನು ಹೊಗಳಿದರೇ ಹೊರತು ಮಾಡಿದವರು ಯಾರೆಂದು ಕೇಳಿದವರಿಲ್ಲ. ಈಗಲಾದರೂ ಅವಳ ಹೆಸರು ನಾಲ್ಕು ಜನರ ಕಿವಿಗೆ ಬೀಳುವುದಿತ್ತು. ಎದುರುಮನೆ ಶಕುಂತಲಮ್ಮ ಆಗಲೇ, ಚಾನೆಲ್ಲಿನವರು ಅದನ್ನೆಲ್ಲ ಕತ್ತರಿಸಿ ಬಿಸಾಕಿರುತ್ತಾರೆ ಎಂದು ಸುದ್ದಿ ಹಬ್ಬಿಸಿದ್ದರು. ಅದಕ್ಕೇ ಅಕ್ಕ ಇಡೀ ಬೀದಿಯನ್ನು ಕರೆದಿದ್ದಳು. ಇದ್ದೊಂದು ಟಿ.ವಿ.ಯ ಕರುಳೆಲ್ಲ ಈಗ ಭಾವನ ಪೆಟ್ಟಿಗೆಯಲ್ಲಿತ್ತು.

"ಚಿಂತೆ ಮಾಡ್ಬೇಡ. ಇವಕ್ಕೆ ನಮ್ಮನೆ ಮರ್ಯಾದೆ ಕಲಿಸ್ತೀನಿ" ಎಂದರು ಭಾವ.

ನಮ್ಮ ಗೃಹಪ್ರವೇಶದ ಊಟದ ವೀಡಿಯೊ ಹುಡುಕಿ ತೆಗೆದು, ಶನಿವಾರವಿಡೀ ಅವಕ್ಕೆ ಅದರ ಪಾಠ ಮಾಡಿದರು. ಬಡಿಸುವವರ ಬಲವಂತ, ಉಣ್ಣುವವರ ಸಂಕೋಚ, 'ನೀವು ಮೊದಲು', 'ಇಲ್ಲ, ನೀವು ಮೊದಲು', ಎಲ್ಲವೂ ಮೂರಕ್ಕೂ ಬಾಯಿಪಾಠವಾಯಿತು.

ಭಾನುವಾರ ಜಮಖಾನದ ಮೇಲೆ ಬೀದಿಗೆ ಬೀದಿಯೇ ಕೂತಿತ್ತು. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು. ಭಾವ ಗುಂಡಿ ಒತ್ತಿದರು. ಜಗಳವಿಲ್ಲ!

"ಅಣ್ಣಾ, ನೀವು ಹಿರಿಯರು, ನೀವೇ ನಡೆಸಿಕೊಡಿ" ಎಂದಿತು ಮೂರನೆಯದು.

"ನಾನು ಇದ್ದೇ ಇರ್ತೀನಲ್ಲಪ್ಪ, ಮಧ್ಯದೋನು ನೋಡ್ಕೊಳ್ಲಿ."

"ಛೆ, ದೊಡ್ಡೋರ ಮುಂದೆ ನಾನೇ? ಚಿಕ್ಕೋನೇ ಮಾಡ್ಲಿ ಬಿಡಿ."

ಉಪಚಾರ ಸುತ್ತಿ ಸುತ್ತಿ ಅಲ್ಲಿಗೇ ಬಂತು. ಪರದೆ ಕಪ್ಪಗೇ ಇತ್ತು. ಭಾವ ಪೆಟ್ಟಿಗೆಯ ಬೆನ್ನಿಗೆ ಎರಡೇಟು ಕೊಟ್ಟರೆ, ಮೂರೂ ಒಟ್ಟಾಗಿ ಅವರಿಗೆ ಕೈ ನೋಯಿತೇ ಎಂದು ವಿಚಾರಿಸಿದವು. ನಮ್ಮನೆಗೆ ಬಂದುಬಿಡಿ, ಅಲ್ಲೇ ನೋಡೋಣ ಎಂದು ಶಕುಂತಲಮ್ಮ ಬಲು ಮುತುವರ್ಜಿಯಿಂದ ಎದ್ದರು.

"ಕರೆದೋಳು ನಾನು. ಎದುರುಮನೇಲಿ ಎಲೆ ಹಾಕಿಸ್ಲೇನು?" ಎಂದಳು ಅಕ್ಕ. ಅವಳ ಕಣ್ಣು ತುಂಬಿತು. ನನಗೆ ಭಾವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಕ್ಕ ಸೆರಗು ಸಿಕ್ಕಿಸಿ ನೇರ ಪೆಟ್ಟಿಗೆಯ ಮುಂದೆ ನಿಂತಳು.

"ನೋಡ್ರಪ್ಪಾ, ಎಲೆ ಮುಂದೆ ಕೂತ್ಮೇಲೆ ಸಂಕೋಚ ಯಾಕೆ? ಮೂವರೂ ಒಟ್ಟಿಗೇ ಕೈ ಹಚ್ಚಿ. ಪಂಕ್ತೀಲಿ ಒಬ್ಬರನ್ನೂ ಬಿಡದ ಹಾಗೆ ಬಡಿಸಿ."

ಮೂರು ದೀಪಗಳೂ ಹಸಿರಾದವು! ಪರದೆಯ ಮೇಲೆ ಅಕ್ಕ! ಕೆಳಗೆ ದಪ್ಪಕ್ಷರದಲ್ಲಿ ಅವಳ ಹೆಸರು! ಜಮಖಾನದವರೆಲ್ಲ ಚಪ್ಪಾಳೆ ಹೊಡೆದರು, ನಾನಂತೂ ಕುಣಿದೇಬಿಟ್ಟೆ.

ಅಷ್ಟರಲ್ಲಿ ನನ್ನ ಜೇಬಿನಲ್ಲೂ ಅಕ್ಕನ ದನಿ ಕೇಳಿತು. ಫೋನ್ ತೆಗೆದರೆ ಅಲ್ಲೂ ಹಾಲುಬಾಯಿ. ಎಲ್ಲರ ಫೋನಿನಲ್ಲೂ ಅದೇ. ಪಂಕ್ತಿಯಲ್ಲಿ ಯಾರನ್ನೂ ಬಿಡಬಾರದಲ್ಲ! ಬೀದಿಯ ಟಿ.ವಿ.ಗಳು ಮುಗಿದ ಮೇಲೆ ಮೂಲೆಯ ಎ.ಟಿ.ಎಂ. ಸರದಿ. ದುಡ್ಡಿಗೆಂದು ಹೋದವರಿಗೆ ಅದು ತೆಂಗಿನಕಾಯಿ ನುಣ್ಣಗೆ ರುಬ್ಬಿ ಎಂದಿತಂತೆ. ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ಅರಸೀಕೆರೆ ಬಸ್ಸು ಮಾಯವಾಗಿ, 'ತಳ ಹಿಡಿಯದಂತೆ ತಿರುವುತ್ತಾ ಇರಿ' ಎಂದು ಬಂತು. ಪ್ರಯಾಣಿಕರು ಕಾಯುತ್ತಾ ನಿಂತರು.

ಕಾರ್ಯಕ್ರಮ ಮುಗಿಯಿತು. ಕಿವಿ ಮುಚ್ಚಿಕೊಂಡಿದ್ದ ಶಕುಂತಲಮ್ಮ "ಸಾಕಪ್ಪಾ, ಸಾಕು" ಎಂದರು.

ಆ ಊಟದ ವೀಡಿಯೊದಲ್ಲಿ ಸಾಕು ಎಂದವರಿಗೆಲ್ಲ ಇನ್ನೊಂದು ಸೌಟು ಬಿದ್ದಿತ್ತು. ಪೆಟ್ಟಿಗೆ ಸುಮ್ಮನಿರುತ್ತದೆಯೇ? ತುಂಬಿಟ್ಟುಕೊಂಡಿದ್ದ ಕಾರ್ಯಕ್ರಮವನ್ನು ಮೊದಲಿನಿಂದ ಶುರುಮಾಡಿತು, ಇನ್ನಷ್ಟು ಜೋರಾಗಿ! ಬೀದಿಯವರು ಸಾಕು ಎಂದು ಕೂಗಿದಷ್ಟೂ ಮತ್ತೆ ಮತ್ತೆ ಬಡಿಸಿತು. ಭಾವ ಬೇಡ ಬೇಡ ಎಂದು ಅರಚಿದರೆ, ಸಂಕೋಚ ಮಾಡಿಕೊಳ್ಳಬೇಡಿ ಎಂದು ಭಾವನಿಗೇ ಸಮಾಧಾನ ಹೇಳಿತು. ಪ್ಲಗ್ ಕಿತ್ತರೂ ನಿಲ್ಲಲಿಲ್ಲ. ಕರೆಂಟು ಹೋದರೆ ಅಕ್ಕನ ಕಾರ್ಯಕ್ರಮ ತಪ್ಪೀತೆಂದು ಭಾವನೇ ಒಳಗೆ ಲಾರಿಯ ಬ್ಯಾಟರಿ ಕೂರಿಸಿದ್ದರು. ಅದು ಖಾಲಿಯಾಗುವವರೆಗೆ ಜಮಖಾನದ ಮೇಲೆ ಉಳಿದವಳು ಅಕ್ಕ ಒಬ್ಬಳೇ. ಪ್ರತಿ ಸಲವೂ ಹೊಸದೆಂಬಂತೆ ನೋಡುತ್ತಿದ್ದಳು.

ಮಾರನೆಯ ದಿನ ಚಾನೆಲ್ಲಿನವರ ಫೋನು. ಊರಿಗೂರೇ ನೋಡಿದ ಕಾರ್ಯಕ್ರಮ ಇದೊಂದೇ, ಪ್ರತಿ ವಾರ ಬಂದು ಅಡುಗೆ ಮಾಡುತ್ತೀರಾ ಎಂದು ಕೇಳಿದರು. ಅಕ್ಕನ ಮುಖ ಅರಳಿತು.

"ಅಯ್ಯೋ, ಬೇಡಪ್ಪಾ. ನಂದೇನು ಮಹಾ ಅಡುಗೆ" ಎಂದು ಹೇಳಿ, ನಗುತ್ತಾ ಕಾದಳು.

ಆ ಕಡೆಯವರು ಸರಿ ಅಮ್ಮಾ ಎಂದು ಫೋನ್ ಇಟ್ಟೇಬಿಟ್ಟರು!

ಅಕ್ಕ ಫೋನನ್ನು ಕುಕ್ಕಿ ಇಟ್ಟಳು. ಆಮೇಲೆ ಒಳಗೆ ತಿರುಗಿ ಹೇಳಿದಳು:

"ರೀ, ಆ ಪೆಟ್ಟಿಗೇನ ಅವರ ಆಫೀಸಿಗೆ ಕಳಿಸ್ರೀ. ಸ್ವಲ್ಪ ಮರ್ಯಾದೆ ಕಲೀಲಿ."