ವಿಭೂತಿ ಹಚ್ಚಿದ ತಾಜಮಹಲು

"ಬೆಳ್ಳಿ ಐತಿ ಅಂತೀರಿ, ಮತ್ತ ವಿಭೂತಿ ಹಚ್ಚಿ ತಿಕ್ಕಬಾರದೇನ್ರಿ? ನಮ್ಮ ದೇವರ ಮುಂದಿನ ದೀಪದ ಸಮೆ ನೋಡ್ರಿ, ಹೆಂಗ ಹೊಳಿತಾವ!"

ಪಕ್ಕದ ಮನೆಯ ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು ಆಡಿದ ಈ ಮಾತೇ ಗುರುಸಿದ್ದಪ್ಪನ ಭಾನುವಾರವನ್ನು ಹಾಳುಮಾಡಿತು. ಅಷ್ಟಕ್ಕೂ ತಪ್ಪು ಅವನದೇ. ಹಳೆಯ ಕಾಲದಲ್ಲಿ ಫೋಟೋ ಕಾಗದಕ್ಕೆ ಬೆಳ್ಳಿಯ ಉಪ್ಪು ಹಚ್ಚುತ್ತಿದ್ದರೆಂದು ಎಲ್ಲೋ ಓದಿದ್ದನ್ನು ಬೆಳಿಗ್ಗೆ ವಾಡೆಯ ಮನೆಗಳಿಗೆಲ್ಲ ಕೇಳುವಂತೆ ಒದರಿದ್ದ.

ಅವನ ಕೈಯಲ್ಲಿದ್ದ ಫೋಟೋ ಅವನದಲ್ಲ. ನಾಸಿಕದ ಕನ್ನಡ ಸಂಘದ ಅಧ್ಯಕ್ಷ ವಿಶ್ವನಾಥಪ್ಪನವರದು. ಅವರ ಅಜ್ಜನ ಕಾಲದ ತಾಜಮಹಲಿನ ಚಿತ್ರ, ನೂರು ವರ್ಷದ್ದು. ಸಂಜೆ ಪಂಚವಟಿಯ ಧರ್ಮಶಾಲೆಯಲ್ಲಿ ಸಂಘದ ಪ್ರದರ್ಶನವಿತ್ತು: ಜಗತ್ತಿನ ಅದ್ಭುತಗಳ ಮೊದಮೊದಲ ಫೋಟೋಗಳು. ಈಜಿಪ್ಟಿನ ಪಿರಮಿಡ್ಡು, ಪ್ಯಾರಿಸ್ಸಿನ ಅರ್ಧ ಕಟ್ಟಿದ ಕಬ್ಬಿಣದ ಗೋಪುರ, ಎಲ್ಲ ಪುಸ್ತಕದಿಂದ ಕತ್ತರಿಸಿದವು. ಅಸಲಿ ಅಂತ ಇದ್ದದ್ದು ಇದೊಂದೇ. ವಿಶ್ವನಾಥಪ್ಪನವರಿಗೆ ಕಣ್ಣಿಗೆ ಪೊರೆ ಬಂದಿತ್ತು. "ಗಾಜು ಒರೆಸಿ ತಾ ತಮ್ಮಾ. ವಿಮಾನದ ಕಾರ್ಖಾನ್ಯಾಗ ಪಳಗಿದ ಕೈ ನಿಂದು. ಬ್ಯಾರೇದವರಿಗೆ ಕೊಡಾಕ ನನಗ ಧೈರ್ಯ ಇಲ್ಲ" ಎಂದಿದ್ದರು. ಗುರುಸಿದ್ದಪ್ಪ ಧಾರವಾಡ ಬಿಟ್ಟು ಬಂದ ಹೊಸತರಲ್ಲಿ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರೂ ಅವರೇ.

ವಿಭೂತಿ ಬಂತು, ಒದ್ದೆ ಬಟ್ಟೆ ಬಂತು. ಚೌಕಟ್ಟಿನಿಂದ ಚಿತ್ರ ಬಿಚ್ಚಿ ಗುಮ್ಮಟವನ್ನು ತಿಕ್ಕಿದ. ಗುಮ್ಮಟ ಹೊಳೆಯಲಿಲ್ಲ, ಹೋಯಿತು. ಸಮ ಮಾಡೋಣವೆಂದು ಮಿನಾರು ತಿಕ್ಕಿದ, ಅವೂ ಹೋದವು. ಕೊನೆಗೆ ಕಾಗದ ಮುಡಿ ಕೊಟ್ಟ ತಲೆಯ ಹಾಗಾಯಿತು.

"ಅಯ್ಯ, ಕಳ್ಳ ಬೆಳ್ಳಿರಿ ಅದು!" ಎಂದು ತೀರ್ಪು ಕೊಟ್ಟ ಕಸ್ತೂರಿಬಾಯಿ, ಒಲೆಯ ಮೇಲಿನ ಸಾರು ನೆನಪಾಗಿ ಒಳಗೆ ಹೋದಳು.

ಚೌಕಟ್ಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗುರುಸಿದ್ದಪ್ಪ ಗೆಳೆಯ ಜಯಕರನ ಉಡುಪಿ ಹೋಟೆಲಿಗೆ ಓಡಿದ. ಅಲ್ಲಿ ಗಲ್ಲಾದ ಹಿಂದೆ, ಗೋಡೆಯ ಮೇಲೆ ಒಂದು ಕಪ್ಪುಬಿಳುಪು ತಾಜಮಹಲು ತೂಗುತ್ತಿತ್ತು.

"ಜಯಕರ, ಆ ತಾಜಮಹಲ ಕೊಡೋ. ನನ್ನ ಮಾನ ಹೊಂಟೈತಿ."

"ಅದು ತಾಜಮಹಲ್ ಅಲ್ಲ ಮಾರಾಯ, ಔರಂಗಾಬಾದಿನ ಬೀಬಿ ಕಾ ಮಕ್ಬರಾ. ಔರಂಗಜೇಬನ ಹೆಂಡತಿಯ ಗೋರಿ. ನನ್ನ ತಮ್ಮ ಅಲ್ಲಿ ಹೋಟೆಲ್ ಇಟ್ಟದ್ದಲ್ವಾ, ಹೋದ ವರ್ಷ ತೆಗೆಸಿ ಕಳಿಸಿದ್ದು."

"ಗುಮ್ಮಟ ಐತಲ್ಲ? ನಾಕು ಮಿನಾರು ಅದಾವಲ್ಲ?"

"ಎಲ್ಲ ಉಂಟು. ತಾಜಮಹಲಿನ ಬಡ ತಂಗಿ ಅದು. ಇಲ್ಲಿ ಯಾರಿಗೆ ಗೊತ್ತಾಗ್ತದೆ?"

"ಹೋದ ವರ್ಷದ್ದನ್ನ ನೂರು ವರ್ಷದ್ದು ಮಾಡೂದು ಹೆಂಗೋ?"

ಜಯಕರ ಪರಾತದ ತುಂಬ ಕಡು ಚಹಾದ ಡಿಕಾಕ್ಷನ್ ತರಿಸಿದ. ಮಕ್ಬರಾ ಅದರಲ್ಲಿ ಎಣ್ಣೆಸ್ನಾನದ ಬಾಣಂತಿಯ ಹಾಗೆ ಮಲಗಿ, ಮಿಂದು, ದೋಸೆ ಕಾವಲಿಯ ಕಾವಿಗೆ ಒಣಗಿ, ಇನ್ನೂರು ವರ್ಷದ ಮುದುಕಿಯಾಗಿ ಎದ್ದು, ವಿಶ್ವನಾಥಪ್ಪನವರ ಚೌಕಟ್ಟು ಸೇರಿತು.

ಸಂಜೆ ವಿಶ್ವನಾಥಪ್ಪ ಚೌಕಟ್ಟಿಗೆ ಮೂಗು ತಾಗಿಸಿ, "ಶಾಬಾಸ್! ಗಾಜು ಎಷ್ಟು ಸ್ವಚ್ಛ ಮಾಡಿಯೋ!" ಎಂದು ಬೆನ್ನು ತಟ್ಟಿದರು. ತಟ್ಟಿದ ಜಾಗ ಬರೆ ಎಳೆದಂತೆ ಉರಿಯಿತು. ಗುರುಸಿದ್ದಪ್ಪ ಹೋಗಿ ಕಂಬದ ಮರೆಯಲ್ಲಿ ಕೂತ.

ಮುಖ್ಯ ಅತಿಥಿ ಪ್ರೇಮಾಬಾಯಿ ಶಾಲೆಯಲ್ಲಿ ಇತಿಹಾಸ ಕಲಿಸುವಾಕೆ. ಪಿರಮಿಡ್ಡು ದಾಟಿ, ಗೋಪುರ ದಾಟಿ, ತಾಜಿನ ಮುಂದೆ ನಿಂತೇಬಿಟ್ಟರು.

"ಇದು ತಾಜ್ ಅಲ್ಲರಿ! ನಮ್ಮ ಔರಂಗಾಬಾದಿನ ಮಕ್ಬರಾ! ಅದರ ಅಂಗಳದಾಗ ಆಡಿ ದೊಡ್ಡಾಕಿ ಆದಾಕಿ ನಾ. ನನಗ ತಿಳಿಯೂದಿಲ್ಲೇನ್ರಿ?"

ಸಭೆ ಗೊಳ್ಳೆಂದಿತು. ಗುರುಸಿದ್ದಪ್ಪನಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಎಲ್ಲ ಹೇಳಿಬಿಡೋಣವೆಂದು ಎದ್ದ. "ಯಜಮಾನ್ರ, ತಪ್ಪು ನಂದು..."

"ನೀ ಕೂಡೋ ತಮ್ಮಾ!" ಹೆಂಗಸರ ಸಾಲಿನಿಂದ ವಿಶ್ವನಾಥಪ್ಪನವರ ಹೆಂಡತಿ ಕುಸುಮಾವತಿ ನಕ್ಕು, ಗಂಡನತ್ತ ತಿರುಗಿದರು. "ನಮ್ಮಪ್ಪಗ ಇದನ್ನ ತಾಜಮಹಲ ಅಂತ ತೋರಿಸಿ ನನ್ನ ಮದುವಿ ಆದ್ರಿ. ಅವತ್ತಿಂದ ನಾನೂ ಬಾಯಿ ಮುಚ್ಚಿಕೊಂಡು ಕುಂತೀನಿ. ಎದ್ದು ಹೇಳ್ರಿ ಇನ್ನ!"

ವಿಶ್ವನಾಥಪ್ಪ ತಲೆ ತಗ್ಗಿಸಿ ಎದ್ದರು. "ಹೌದ್ರಿ. ನಮ್ಮಜ್ಜ ಆಗ್ರಾ ಕಂಡಾವಲ್ಲ. ಶಾಲು ಕೊಳ್ಳಾಕ ಔರಂಗಾಬಾದಿಗೆ ಹೋದಾಗ ತಂದದ್ದು. ಮೊದಲಿಂದ ಅದು ಮಕ್ಬರಾನ. ತಾಜ್ ಮಾಡಿದಾವ ನಾನು."

ಗುರುಸಿದ್ದಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ವಿಭೂತಿಗೆ ಹೋದದ್ದೂ ಮಕ್ಬರಾ, ಚಹಾದಲ್ಲಿ ಮಿಂದದ್ದೂ ಮಕ್ಬರಾ!

"ಈ ತಮ್ಮಗ ಗಾಜು ಒರೆಸುವಾಗ ಗೊತ್ತಾಗಿರಬೇಕು," ವಿಶ್ವನಾಥಪ್ಪ ಕಣ್ಣೊರೆಸಿಕೊಂಡು ಅವನತ್ತ ಕೈ ತೋರಿಸಿದರು. "ನನ್ನ ಮಾನ ಕಾಯಾಕ ತುಟಿ ಬಿಚ್ಚಲಿಲ್ಲ. ಈಗ ನೋಡ್ರಿ, ನನ್ನ ತಪ್ಪ ತನ್ನ ಮ್ಯಾಲ ಹೊತ್ಕೊಳ್ಳಾಕ ನಿಂತಾನ!"

"ಇಲ್ರಿ, ನಾ ಹೇಳೂದ ಕೇಳ್ರಿ..."

"ಇನ್ನೂ ಬಿಟ್ಟು ಕೊಡವಲ್ಲ ನೋಡ್ರಿ!"

ಪ್ರೇಮಾಬಾಯಿಯೂ ಕಣ್ಣೊರೆಸಿಕೊಂಡರು. "ತಾಜಿನ ಹಳೇ ಫೋಟೋ ಬೇಕಾದಷ್ಟು ಅದಾವರಿ. ನೂರು ವರ್ಷದ ಮಕ್ಬರಾ ಭಾಳ ಅಪರೂಪ! ಔರಂಗಾಬಾದಿನ್ಯಾಗ ನಮ್ಮ ಮಾವ ಇಂಥಾವನ್ನ ಭೂತಗನ್ನಡಿ ಹಿಡದು ಪರೀಕ್ಷಾ ಮಾಡ್ತಾರ. ಮುಂದಿನ ಭಾನುವಾರ ಯಾರರ ಒಯ್ರಿ. ಗಾಜು ಬ್ಯಾಡ, ಬಸ್ಸಿನ್ಯಾಗ ಒಡಿತದ."

"ಮತ್ತ ಯಾರು? ಇವನ!" ವಿಶ್ವನಾಥಪ್ಪ ಚಿತ್ರವನ್ನು ಚೌಕಟ್ಟಿನಿಂದ ಬಿಚ್ಚಿ ಗುರುಸಿದ್ದಪ್ಪನ ಕೈಗಿಟ್ಟರು.

ಪ್ರೇಮಾಬಾಯಿ, ಸಂಘದವರು ತಮಗೆಂದು ತಂದಿದ್ದ ಸೇವಂತಿಗೆ ಹಾರವನ್ನು ಅವನ ಕೊರಳಿಗೇ ಹಾಕಿದರು. ಬಾಡದಿರಲೆಂದು ಚಿಮುಕಿಸಿದ್ದ ನೀರು ಅದರಿಂದ ತೊಟ್ಟಿಕ್ಕತೊಡಗಿತು. ಚಹಾದ ಬಣ್ಣ ಇಳಿದೀತೆಂದು ಗಾಬರಿಯಾಗಿ ಗುರುಸಿದ್ದಪ್ಪ ಚಿತ್ರವನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆತ್ತಿ ಹಿಡಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.