ಮೇಷ್ಟ್ರನ್ನು ಒಳಕ್ಕೆ ತಿರುಗಿಸಿದ್ದು

ಪುಟ ವಿನ್ಯಾಸ ಮಾಡುವವರಿಗೆ ಒಂದು ಕಾಯಿಲೆ ಇರುತ್ತದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅವರು ಪುಟವಾಗಿಯೇ ನೋಡುತ್ತಾರೆ. ಮದುವೆ ಪತ್ರಿಕೆ ಕೈಗೆ ಬಂದರೆ ನನಗೆ ಗಂಡು ಹೆಣ್ಣಿನ ಹೆಸರು ಕಾಣುವುದಿಲ್ಲ. ಸಾಲುಗಳ ನಡುವೆ ಉಸಿರಾಡಲೂ ಜಾಗ ಬಿಟ್ಟಿಲ್ಲವಲ್ಲ ಎಂದು ಸಂಕಟವಾಗುತ್ತದೆ. "ಮದ್ವೆ ಮೊನ್ನೇನೇ ಆಗೋಯ್ತು ಕಣ್ರೀ" ಎಂದು ಹೆಂಡತಿ ಹೇಳಿದ ಮೇಲೆಯೇ ತಾರೀಕು ಓದುವುದು. ತುಮಕೂರಿನಿಂದ ಹೊರಡುವ ಪುಟ್ಟ ಸಂಗೀತ ಮಾಸಪತ್ರಿಕೆಯೊಂದರಲ್ಲಿ ಏಳು ವರ್ಷದಿಂದ ನನ್ನದು ಇದೇ ಕೆಲಸ.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಫೋಟೋದಲ್ಲಿರುವವರ ಮುಖ ಪುಟದ ಒಳಕ್ಕೆ ತಿರುಗಿರಬೇಕು. ಅವರು ಹೊರಗೆ ನೋಡಿದರೆ ಓದುಗನೂ ಅವರ ಹಿಂದೆಯೇ ಪುಟ ಬಿಟ್ಟು ಹೊರಟುಬಿಡುತ್ತಾನಂತೆ. ಕಳೆದ ತಿಂಗಳು ಗುಬ್ಬಿಯ ಹಾರ್ಮೋನಿಯಂ ಮೇಷ್ಟ್ರ ಬಗ್ಗೆ ಎರಡು ಪುಟದ ಲೇಖನ ಬಂತು. ಎಂಬತ್ತು ದಾಟಿದ ಅವರು ನಾಟಕ ಕಂಪನಿಗಳಲ್ಲಿ ಬೆರಳು ಸವೆಸಿದವರು. ಅವರ ಹೆಸರು ಅಚ್ಚಾಗುತ್ತಿದ್ದದ್ದು ಅದೇ ಮೊದಲು. ಇದ್ದ ಒಂದೇ ಒಂದು ಒಳ್ಳೆಯ ಫೋಟೋದಲ್ಲಿ ಮೇಷ್ಟ್ರು ಹಾರ್ಮೋನಿಯಂ ನುಡಿಸುತ್ತಾ ಹಟಕ್ಕೆ ಬಿದ್ದವರಂತೆ ಹೊರಗೆ ನೋಡುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಟ್ಟೆ. ಈಗ ಅವರು ತಲೆಬರಹವನ್ನೇ ಪ್ರೀತಿಯಿಂದ ನೋಡತೊಡಗಿದರು. ನನ್ನ ಬೆನ್ನು ನಾನೇ ತಟ್ಟಿಕೊಂಡು ಪುಟವನ್ನು ಅಚ್ಚಿಗೆ ಕಳಿಸಿದೆ.

ಪತ್ರಿಕೆ ಹೊರಬಿದ್ದ ಮೂರನೆಯ ದಿನ ಮೇಷ್ಟ್ರ ಶಿಷ್ಯರೊಬ್ಬರು ಕುಣಿಗಲ್‌ನಿಂದ ಫೋನ್ ಮಾಡಿದರು. "ಸಾರ್, ನಮ್ ಮೇಷ್ಟ್ರು ಎಡಗೈಲಿ ನುಡುಸ್ತಾ ಬಲಗೈಲಿ ಗಾಳಿ ಹಾಕ್ತಾವ್ರಲ್ಲ, ಯಾವಾಗಿಂದ? ಅಂಗಿ ಜೇಬೂ ಬಲಗಡೆಗೆ ಬಂದ್ಬುಟ್ಟದೆ!" ಪುಟ ತೆಗೆದು ನೋಡಿದೆ. ಬದುಕಿಡೀ ನುಡಿಸಿದವರ ಕೈಯನ್ನೇ ಅದಲುಬದಲು ಮಾಡಿದ್ದೆ. ಅವರಿಗೆ ಬಂದಿದ್ದ ಒಂದೇ ಒಂದು ಮರ್ಯಾದೆಯನ್ನು ನಾನೇ ನಗೆಪಾಟಲು ಮಾಡಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಮುಂದಿನ ಸಂಚಿಕೆಗೊಂದು ತಪ್ಪೊಪ್ಪಿಗೆ ಬರೆದು, ಅದನ್ನು ಅವರಿಗೆ ಮೊದಲು ಓದಿ ಹೇಳೋಣವೆಂದು ಗುಬ್ಬಿ ಬಸ್ಸು ಹತ್ತಿದೆ. ಆ ತಪ್ಪೊಪ್ಪಿಗೆಗೂ ಸುತ್ತ ಒಂದು ಚೆಂದದ ಚೌಕಟ್ಟು ಹಾಕಿದ್ದೆ ಎಂಬುದನ್ನು ನಾಚಿಕೆಯಿಂದ ಹೇಳಬೇಕು.

ಮೇಷ್ಟ್ರ ಮನೆಯ ಗೋಡೆಯ ಮೇಲೆ ಆಗಲೇ ಆ ಪುಟ ಕಟ್ಟು ಹಾಕಿಸಿಕೊಂಡು ಕೂತಿತ್ತು. ಬರೆದು ತಂದಿದ್ದ ಚೀಟಿಯನ್ನು ನಾನು ತೊದಲುತ್ತಾ ಓದಿ ತಪ್ಪೊಪ್ಪಿಕೊಂಡೆ. ಮೇಷ್ಟ್ರು ನಕ್ಕರು.

"ಗೊತ್ತಪ್ಪ, ಆ ಕುಣಿಗಲ್ ಶಿಷ್ಯ ನಂಗೂ ಫೋನ್ ಮಾಡಿದ್ದ. ನೋಡು, ಕಂಪ್ನೀಲಿ ನಾನು ಸ್ಟೇಜ್ ಕೆಳಗೆ ಕೂತು, ಪಾರ್ಟ್ ಮಾಡೋರ ಕಡೆ ಮುಖ ಮಾಡ್ಕೊಂಡು ನುಡಿಸ್ತಿದ್ದೆ. ಜನಕ್ಕೆ ಕಂಡಿದ್ದೆಲ್ಲ ನನ್ ಬೆನ್ನು. ನೀನು ಮುಖ ತೋರ್ಸಿದೀಯ. ಕೈ ಯಾವ್ದಾದ್ರೇನು ಬುಡು. ಆ ಚೀಟಿ ಅಚ್ಚು ಹಾಕ್ಬೇಡ, ಆಮೇಲೆ ಎಲ್ರೂ ಕೈನೇ ನೋಡ್ತಾರೆ."

ಬೈಸಿಕೊಳ್ಳಲು ಹೋದವನಿಗೆ ಅವರ ಮನೆಯವರು ಕಾಫಿ ಜೊತೆ ಚಕ್ಕುಲಿಯನ್ನೂ ತಂದಿಟ್ಟರು. ಇಷ್ಟು ದೊಡ್ಡ ಮನಸ್ಸು ನನ್ನ ಪಾಲಿಗೆ ಬಂದದ್ದಕ್ಕೆ ನಾನು ಋಣಿ.

"ನಾನ್ ನುಡ್ಸೋದು ಯಾವತ್ತಾದ್ರೂ ಕೇಳಿದೀಯೇನಪ್ಪ?" ಎಂದರು. ಕೇಳಿರಲಿಲ್ಲ. ಅವರದ್ದೇ ಏಕೆ, ಯಾರದ್ದೂ ನೆಟ್ಟಗೆ ಕೇಳಿರಲಿಲ್ಲ. ಸಂಗೀತ ಕಚೇರಿಗೆ ಹೋದರೂ ನಾನು ವೇದಿಕೆ ಎಷ್ಟು ಅಂಕಣಕ್ಕೆ ಹಿಡಿಸುತ್ತದೆ ಎಂದು ಅಳೆಯುತ್ತಾ ಕೂತಿರುತ್ತೇನೆ. ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆ ಎಳೆದುಕೊಂಡು, ಎಡಗೈಯಲ್ಲಿ ಗಾಳಿ ಹಾಕುತ್ತಾ ಬಲಗೈ ಬೆರಳುಗಳನ್ನು ಕಪ್ಪು ಬಿಳಿ ಸ್ವರದ ಮನೆಗಳ ಮೇಲೆ ಓಡಿಸಿದರು. ಅಷ್ಟು ಹೊತ್ತು ಯಾವ ಪುಟವೂ ನೆನಪಾಗಲಿಲ್ಲ. ಕಣ್ಣು ತಾನಾಗಿ ತುಂಬಿತು.

ನನ್ನ ಕಣ್ಣೀರು ಕಂಡು ಮೇಷ್ಟ್ರಿಗೆ ಹುರುಪು ಬಂತು. "ಭೇಷ್! ಸಂಗೀತದ ಪತ್ರಿಕೆಯೋನು ಅಂದ್ರೆ ಹಿಂಗಿರ್ಬೇಕು. ಯಾವ ರಾಗ, ಹೇಳು ನೋಡಾನ?"

ನಾನು ಕಣ್ಣೊರೆಸಿಕೊಂಡು ಹೇಳಿದೆ: "ಮೇಷ್ಟ್ರೇ, ಯಾವ ಫಾಂಟು ಅಂತ ಕೇಳಿ, ತಕ್ಷಣ ಹೇಳ್ತೀನಿ."